ಲ್ಯಾಪ್‌ಟಾಪಿಗೊಂದು ಕೆಂಪು ಬೈಂಡಿಂಗ್

"ಇದೇನ್ರೀ ಇದು... ಲ್ಯಾಪ್‌ಟಾಪಿಗೆ ಬೈಂಡಿಂಗ್ ಮಾಡಿಬಿಟ್ಟಿದ್ದೀರಾ?!"

ಅಷ್ಟು ಹೇಳಿ ಅವನು ನಕ್ಕುಬಿಟ್ಟ. ಗ್ರಂಥಾಲಯದ ಹಿಂದಿನ ಕೋಣೆಯಿಂದ ಹೊರಟ ಆ ನಗುವಿಗೆ, ಹೊರಗೆ ಪೇಪರ್ ಓದುತ್ತಾ ಕೂತವರೆಲ್ಲ ತಲೆ ಎತ್ತಿ ನೋಡಿದರು.

ಅವಳ ಕಿವಿಯ ತುದಿ ಬಿಸಿಯಾಯಿತು.

ಅವಳು ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ಅಪ್ಪನಿಂದ ಕಲಿತ ಕೆಲಸ. ಅಪ್ಪ ಹೋದಮೇಲೆ ಮನೆಯ ಕೆಳಗಿನ ಕೋಣೆಯಲ್ಲಿ ಒಬ್ಬಳೇ ಅದನ್ನು ನಡೆಸಿಕೊಂಡು ಬಂದಿದ್ದಳು. ಬೀದಿಯವರೆಲ್ಲ ಅವಳನ್ನು 'ಬೈಂಡಿಂಗ್ ಅಕ್ಕ' ಅಂತಲೇ ಕರೆಯುತ್ತಿದ್ದರು.

ಅಣ್ಣ ಕೊಟ್ಟ ಹಳೆಯ ಲ್ಯಾಪ್‌ಟಾಪಿನ ಕೀಲು ಸಡಿಲವಾಗಿತ್ತು. ಅವಳ ಲೆಕ್ಕದಲ್ಲಿ, ತೆರೆದು ಮುಚ್ಚುವ ಯಾವ ವಸ್ತುವಿಗೂ ಒಂದು ಬೆನ್ನು ಇರುತ್ತದೆ. ಬೆನ್ನು ಸಡಿಲವಾದರೆ ಬಟ್ಟೆ ಅಂಟಿಸಬೇಕು, ಅಷ್ಟೇ. ಕೆಂಪು ಬಟ್ಟೆ ತೆಗೆದುಕೊಂಡು, ಅಂಚು ಮಡಿಸಿ, ಅಂಟು ಹಚ್ಚಿ, ಮೇಲೆ ಭಾರವಿಟ್ಟು ಒಣಗಿಸಿದ್ದಳು. ಒಂದು ಸುಕ್ಕೂ ಇರಲಿಲ್ಲ.

"ಎರಡು ದಿನ ಚೆನ್ನಾಗೇ ಇತ್ತು," ಎಂದಳು ನೆಲ ನೋಡುತ್ತಾ. "ಆಮೇಲೆ ಮೈ ಕಾಯೋಕೆ ಶುರುವಾಯ್ತು. ತಾನಾಗೇ ಆರಿಹೋಗತ್ತೆ."

"ಆರದೆ ಇನ್ನೇನು ಮಾಡತ್ತೆ? ಬಿಸಿಗಾಳಿ ಹೊರಗೆ ಬರೋ ದಾರಿ ಇದೇ ಬೆನ್ನಲ್ಲಿದೆ. ನೀವು ಬಟ್ಟೆ ಹಾಕಿ ಮೂಗು ಮುಚ್ಚಿದ್ದೀರಿ!"

ಮತ್ತೆ ನಗು.

"ನಕ್ಕಿದ್ದು ಮುಗಿದಿದ್ರೆ ಕೊಡಿ. ಬೇರೆ ಕಡೆ ತೋರಿಸ್ತೀನಿ."

ಅವನ ನಗು ಅಲ್ಲಿಗೇ ನಿಂತಿತು. ಗ್ರಂಥಾಲಯದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನು. ಸಣಕಲು ಆಳು. ಯಾವಾಗ ನೋಡಿದರೂ ಕೊರಳಲ್ಲಿ ಒಂದು ವೈರು ನೇತಾಡುತ್ತಿರುತ್ತಿತ್ತು. ಹಾಗಾಗಿ ಅಲ್ಲಿನವರು ಅವನಿಗೆ 'ತಂತಿ' ಎಂದು ಹೆಸರಿಟ್ಟಿದ್ದರು.

"ತಪ್ಪಾಯ್ತು," ಎಂದ ತಂತಿ. "ನಿಮ್ಮ ಕೆಲಸ ನೋಡಿ ನಕ್ಕಿದ್ದಲ್ಲ. ಇಷ್ಟು ಚೆನ್ನಾಗಿ ಮಾಡಿದ ತಪ್ಪನ್ನ ನಾನು ಇವತ್ತಿನವರೆಗೂ ನೋಡಿರಲಿಲ್ಲ."

ಸಣ್ಣ ಬ್ಲೇಡ್ ಕೈಗೆತ್ತಿಕೊಂಡ. ಬಟ್ಟೆಯ ಹತ್ತಿರ ತಂದವನು ಅಲ್ಲೇ ತಡೆದು ಕೇಳಿದ.

"ಎಲ್ಲಿಂದ ಬಿಡಿಸಿದ್ರೆ ಬಟ್ಟೆ ಹಾಳಾಗಲ್ಲ?"

ಅವಳು ತಲೆ ಎತ್ತಿ ನೋಡಿದಳು. ಅವಳ ಕೆಲಸವನ್ನು ಹರಿದವರು ಬೇಕಾದಷ್ಟು ಜನ ಇದ್ದರು. ಹರಿಯುವ ಮೊದಲು ಕೇಳಿದವರು ಯಾರೂ ಇರಲಿಲ್ಲ.

"ಈ ಮೂಲೆಯಿಂದ. ಸ್ವಲ್ಪ ನೀರು ಸವರಿ... ನಿಧಾನ."

ಕೆಂಪು ಪಟ್ಟಿ ಇಡಿಯಾಗಿ ಬಿಟ್ಟುಬಂತು.

"ಇದು ನಿಮಗೆ ಬೇಕಾ?"

"ಅಂಟು ಹತ್ತಿದ ಬಟ್ಟೆ ಯಾರಿಗೆ ಬೇಕು? ಬಿಸಾಕಿ."

ಅವನು ಅದನ್ನು ಮೇಜಿನ ಡ್ರಾಯರಿಗೆ ಹಾಕಿದ. ಅವಳು ಅದನ್ನು ಅಲ್ಲೇ ಮರೆತಳು.

* * *

ಅವರಿಬ್ಬರ ಸ್ನೇಹ ಶುರುವಾದದ್ದು ಹೀಗೆ.

ಬೆನ್ನು ಕಿತ್ತುಹೋದ ಪುಸ್ತಕಗಳನ್ನು ಗ್ರಂಥಾಲಯದವರು ಅವಳಿಗೆ ಕೊಡತೊಡಗಿದರು. ಮಾತಾಡಿ ಕೊಡಿಸಿದವನು ತಂತಿಯೇ. ವಾರಕ್ಕೊಮ್ಮೆ ಬಂದು ಹರಿದವನ್ನು ಒಯ್ಯುವಳು, ಹೊಲಿದವನ್ನು ತಂದಿಡುವಳು. ಹೋಗುವ ಮುಂಚೆ ಹಿಂದಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರುವಳು.

ಅಲ್ಲಿ ಕೂತು ಅವಳು ಒಂದು ವಿಷಯ ಗಮನಿಸಿದ್ದಳು.

ಲ್ಯಾಪ್‌ಟಾಪ್ ಕೊಳ್ಳಬೇಕೆಂದು ಯಾರೇ ಬಂದು ಕೇಳಲಿ, ತಂತಿ ಯಾವ ಕಂಪನಿಯ ಹೆಸರನ್ನೂ ಹೇಳುತ್ತಿರಲಿಲ್ಲ. ಕುರ್ಚಿ ಎಳೆದು ಕೂರಿಸಿ, ಮೊದಲು ಒಂದೇ ಮಾತು ಕೇಳುತ್ತಿದ್ದ.

"ಏನಕ್ಕೆ?"

ಒಮ್ಮೆ ನಿವೃತ್ತ ನರ್ಸಮ್ಮ ಒಬ್ಬರು ಬಂದಿದ್ದರು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಜೋರಾದದ್ದು ಬೇಕು ಅಂತ ಹಟ.

"ಏನಕ್ಕಮ್ಮಾ?"

"ಮೊಮ್ಮಕ್ಕಳ ಫೋಟೋ ನೋಡೋಕಪ್ಪ."

"ಕೂತು ನೋಡ್ತೀರಾ, ಮಲಗಿ ನೋಡ್ತೀರಾ?"

"ಅದ್ಯಾಕೆ ಬೇಕು ನಿನಗೆ?... ಮಲಗಿಕೊಂಡೇ."

"ಹಾಗಾದ್ರೆ ಲ್ಯಾಪ್‌ಟಾಪ್ ಬೇಡ. ನಿದ್ದೆ ಬಂದ್ರೆ ಮುಖದ ಮೇಲೆ ಬೀಳತ್ತೆ. ಟ್ಯಾಬ್ಲೆಟ್ ಸಾಕು."

ನರ್ಸಮ್ಮ ಬಾಯ್ತುಂಬ ನಕ್ಕು ಎದ್ದುಹೋಗಿದ್ದರು.

ಪುಸ್ತಕದ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳಿಗೆ ಅಂದು ಅನಿಸಿತ್ತು... ಇವನು ವಸ್ತು ನೋಡುವುದಕ್ಕಿಂತ ಮುಂಚೆ ಮನುಷ್ಯರನ್ನು ನೋಡುತ್ತಾನೆ. ಒಂದು ದಿನ ನನ್ನನ್ನೂ ಹೀಗೇ ಕೂರಿಸಿ ಕೇಳಿದರೆ...?

ಏನು ಕೇಳಿದರೆ? ಅದನ್ನು ಅವಳು ಮುಂದಕ್ಕೆ ಯೋಚಿಸಲು ಹೋಗಲಿಲ್ಲ.

* * *

ಹಳೆಯ ಲ್ಯಾಪ್‌ಟಾಪ್ ಕೊನೆಗೂ ಕಣ್ಣು ಮುಚ್ಚಿತು. ಮುಚ್ಚಬಾರದ ಹೊತ್ತಿನಲ್ಲಿ ಮುಚ್ಚಿತು.

ಅಣ್ಣ ಆಗಲೇ ಮಾತು ತೆಗೆದಿದ್ದ. "ಈ ಕಾಲದಲ್ಲಿ ಪುಸ್ತಕ ಹೊಲಿಸೋರು ಯಾರಮ್ಮ? ಔಷಧಿ ಅಂಗಡಿಯವರು ಕೆಳಗಿನ ಕೋಣೆ ಕೇಳ್ತಿದ್ದಾರೆ. ನಿನ್ನ ಸಾಮಾನು ಮೇಲೆ ಇಟ್ಕೊಂಡ್ರಾಯ್ತು."

ರಟ್ಟು ಕತ್ತರಿಸುವ ಯಂತ್ರ, ಪುಸ್ತಕ ಒತ್ತುವ ಪ್ರೆಸ್ಸು, ಇವು ಮಹಡಿ ಹತ್ತುವ ಸಾಮಾನುಗಳಲ್ಲ. ಅವು ಹೋದರೆ ಕೆಲಸವೂ ಹೋದ ಹಾಗೆಯೇ. ತಿಂಗಳ ಕೊನೆಯವರೆಗೆ ಅವಳು ಸಮಯ ಕೇಳಿದ್ದಳು.

ಆ ವೇಳೆಗೆ ದೂರದ ಊರಿನ ಚಿತ್ರಕಲಾ ಶಾಲೆಯ ಮೇಡಂ ಒಬ್ಬರು ಅವಳ ಬೈಂಡಿಂಗ್ ನೋಡಿ ಫೋನ್ ಮಾಡಿದ್ದರು. ಕೂತಲ್ಲಿಂದಲೇ, ಲ್ಯಾಪ್‌ಟಾಪಿನ ಮೂಲಕ ವಿದ್ಯಾರ್ಥಿಗಳಿಗೆ ಕಲಿಸಲು ಆಗುತ್ತದೆಯೇ? ಒಂದು ಪಾಠ ಮಾಡಿ ತೋರಿಸಿ. ಎಲ್ಲರಿಗೂ ಹಿಡಿಸಿದರೆ ವರ್ಷಪೂರ್ತಿ ಪಾಠ ನಿಮ್ಮದೇ.

ಈ ವಿಷಯವನ್ನು ಅವಳು ಮನೆಯಲ್ಲಿ ಬಾಯಿಬಿಡಲಿಲ್ಲ. ಹಿಂದೊಮ್ಮೆ ದೊಡ್ಡ ಕೆಲಸವೊಂದು ಬರುವುದರಲ್ಲಿತ್ತು. ಅತ್ತಿಗೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಕೆಲಸ ಬರಲಿಲ್ಲ. ತಿಂಗಳುಗಟ್ಟಲೆ ಬೀದಿಯವರು 'ಏನಾಯ್ತು ಆ ಕೆಲಸ?' ಎಂದು ಕೇಳಿದ್ದೇ ಕೇಳಿದ್ದು. ಅಲ್ಲಿಂದ ಮುಂದೆ ಅವಳು ಆಗುವವರೆಗೆ ಏನನ್ನೂ ಹೇಳುವವಳಲ್ಲ.

'ಲ್ಯಾಪ್‌ಟಾಪ್ ಬೇಕು ಅಂದ್ರೆ ತಂತಿ ಕೇಳ್ತಾರೆ, ಏನಕ್ಕೆ ಅಂತ. ಅವರೊಬ್ಬರಿಗೆ ಹೇಳ್ತೀನಿ,' ಎಂದುಕೊಂಡು ಗ್ರಂಥಾಲಯಕ್ಕೆ ಹೊರಟಳು.

ಆದರೆ ಅದರ ಹಿಂದಿನ ದಿನವೇ ಅತ್ತಿಗೆ ಅಲ್ಲಿಗೆ ಹೋಗಿಬಂದಿದ್ದರು.

ಪತ್ರಿಕೆ ವಾಪಸು ಕೊಡುವ ನೆಪ. ತಂತಿಯ ಕೋಣೆಗೆ ಇಣುಕಿ ಹೇಳಿದ್ದರು: "ನಮ್ಮ ನಾದಿನಿಗೊಂದು ಸಂಬಂಧ ಬಂದಿದೆ ಕಣಪ್ಪ. ಹುಡುಗ ಬೇರೆ ದೇಶದಲ್ಲಿ. ಮುಖ ನೋಡಿ ಮಾತಾಡಬೇಕಂತೆ. ಇವಳ ಹತ್ರ ಇದ್ದ ಡಬ್ಬ ಕೆಟ್ಟು ಕೂತಿದೆ. ಒಂದು ಒಳ್ಳೇದು ಆರಿಸಿಕೊಡು, ಪುಣ್ಯ ಬರತ್ತೆ."

ಸಂಬಂಧ ಬಂದದ್ದು ನಿಜ. ಬಂದ ಸಂಜೆಯೇ ಅವಳು ಬೇಡವೆಂದದ್ದೂ ನಿಜ. ಅತ್ತಿಗೆ ಎರಡನೆಯದನ್ನು ಹೇಳಲಿಲ್ಲ. ಇವತ್ತಲ್ಲ ನಾಳೆ ಒಪ್ಪುತ್ತಾಳೆ ಎಂಬ ಆಸೆ ಅವರದು.

* * *

"ನನಗೊಂದು ಲ್ಯಾಪ್‌ಟಾಪ್ ಆರಿಸಿಕೊಡ್ತೀರಾ? ಕ್ಯಾಮೆರಾ ಮಾತ್ರ ಚೆನ್ನಾಗಿರಬೇಕು."

ತಂತಿ ಕುರ್ಚಿ ಎಳೆಯಲಿಲ್ಲ. ಕೈಯಲ್ಲಿದ್ದ ವೈರನ್ನು ಸುತ್ತುತ್ತಲೇ ಇದ್ದ.

ಅವಳು ಕಾದಳು. ಈಗ ಕೇಳುತ್ತಾನೆ... ಈಗ...

"ನಾಳೆ ಮಧ್ಯಾಹ್ನ ಅಂಗಡಿ ಹತ್ರ ಬನ್ನಿ," ಎಂದ. ಅಷ್ಟೇ.

ಮರುದಿನ ಅಂಗಡಿಯಲ್ಲಿ ಸಾಲಾಗಿ ತೆರೆದಿಟ್ಟ ಲ್ಯಾಪ್‌ಟಾಪುಗಳು. ಟೈ ಕಟ್ಟಿದ ಸೇಲ್ಸ್‌ಮನ್ ಒಂದೇ ಉಸಿರಿಗೆ ಶುರು ಮಾಡಿದ. ರ‍್ಯಾಮ್ ಇಷ್ಟು, ಸ್ಟೋರೇಜ್ ಅಷ್ಟು, ಪ್ರೊಸೆಸರ್ ಹೀಗೆ.

ಅವಳು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೊಂದನ್ನೇ ಮುಚ್ಚಿದಳು, ತೆರೆದಳು. ಬೆನ್ನಿನ ಮೇಲೆ ಹೆಬ್ಬೆರಳು ಸವರಿದಳು. ರಟ್ಟು ನೋಡುವ ಹಾಗೆ ಬೆರಳಿನ ಗೆಣ್ಣಿನಿಂದ ತಟ್ಟಿದಳು.

"ಮೇಡಂ, ಅದು ಹಲಸಿನಹಣ್ಣಲ್ಲ, ತಟ್ಟಿ ನೋಡೋಕೆ," ಎಂದ ಸೇಲ್ಸ್‌ಮನ್.

"ಇದರ ಬೆನ್ನು ಗಟ್ಟಿ ಇಲ್ಲ. ವರ್ಷಕ್ಕೇ ಸಡಿಲ ಆಗತ್ತೆ."

ಬೇರೆ ದಿನವಾಗಿದ್ದರೆ ತಂತಿ ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದ. ಇಂದು ಅವನು ಬೆಲೆಯ ಚೀಟಿಯ ಮೇಲೆ ಕಣ್ಣು ನೆಟ್ಟು ನಿಂತಿದ್ದ.

ಅವಳ ಕೈ ಒಂದರ ಮೇಲೆ ನಿಂತಿತು. ಅದರ ಮುಚ್ಚಳ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಅವಳ ಮುಖ ಅರಳಿತು.

"ಇದನ್ನ ಶೆಲ್ಫಿನ ಅಂಚಿಗೆ ನೇತುಹಾಕಿದ್ರೆ ಕ್ಯಾಮೆರಾ ಕೆಳಗೆ ನೋಡತ್ತಾ?"

ಎಂಥ ಪ್ರಶ್ನೆ! ಲ್ಯಾಪ್‌ಟಾಪನ್ನು ಶೆಲ್ಫಿಗೆ ನೇತುಹಾಕುವವರು ಯಾರು? ಯಾಕೆ? ತಂತಿ ಅಲ್ಲಿ ಕೇಳಬೇಕಿತ್ತು. ಆದರೆ ಅವನ ತಲೆಯೊಳಗೆ ಅತ್ತಿಗೆಯ ಮಾತೇ ಸುತ್ತುತ್ತಿತ್ತು. ಮುಖ ನೋಡಿ ಮಾತಾಡಬೇಕಂತೆ...

"ಅದು ನಿಮಗೆ ಬೇಡ," ಎಂದ. "ಅದರಲ್ಲಿ ಮುಖ ಮಂಕಾಗಿ ಕಾಣತ್ತೆ. ಇದನ್ನ ತಗೊಳ್ಳಿ. ಮುಖ ಚೆನ್ನಾಗಿ ಬರತ್ತೆ. ಬ್ಯಾಟರಿನೂ ತುಂಬಾ ಹೊತ್ತು ನಿಲ್ಲತ್ತೆ."

"ಮುಖ...?"

"ಹೂಂ. ಕ್ಯಾಮೆರಾ ಅಂದ್ರೆ ಮುಖ ತಾನೇ?"

ಅವಳು ಅವನನ್ನೇ ನೋಡಿದಳು. "ನೀವು ನನ್ನನ್ನ ಏನೂ ಕೇಳಲ್ವಾ?"

"ಕೇಳೋದೇನಿದೆ? ಗೊತ್ತಿರೋದೇ."

ನರ್ಸಮ್ಮನಿಗೆ ಮಲಗಿ ನೋಡ್ತೀರಾ ಅಂತ ಕೇಳಿದವನು... ನನಗೆ ಮಾತ್ರ ಏನೋ ಒಂದನ್ನು ಚೀಲಕ್ಕೆ ತುಂಬಿ ಕಳಿಸಿದರೆ ಸಾಕಾಗಿದೆ. ನನಗೆ ಗೊತ್ತಿಲ್ಲದ ವಿಷಯ ಇದು, ಅವನು ಆರಿಸಿದ್ದೇ ಸರಿ ಇರಬೇಕು.

ಅವನು ಹೇಳಿದ್ದನ್ನೇ ಕೊಂಡಳು. ಬಾಗಿಲ ಬಳಿ ತಂತಿ, "ಒಳ್ಳೇದಾಗಲಿ," ಎಂದ. ದೂರದೂರಿಗೆ ಹೊರಟವರಿಗೆ ಹೇಳುವ ದನಿ. ಅವಳಿಗೆ ಅರ್ಥವಾಗಲಿಲ್ಲ.

* * *

ಪಾಠದ ಹಿಂದಿನ ದಿನ ಬೆಳಿಗ್ಗೆ ಮೇಡಂ ಒಂದು ಸಲ ಪರೀಕ್ಷೆಗೆಂದು ಕರೆ ಮಾಡಿದರು.

ಅವಳು ಹಾಳೆಗಳನ್ನು ಜೋಡಿಸಿಕೊಂಡು, ಸೂಜಿಗೆ ಮೇಣ ಸವರಿದ ದಾರ ಪೋಣಿಸಿ ಶುರು ಮಾಡಿದಳು. "ಮೊದಲು ಮಡಿಕೆ ಒತ್ತಬೇಕು. ಹೀಗೆ..."

"ಒಂದ್ನಿಮಿಷ," ಎಂದರು ಮೇಡಂ. "ನಿಮ್ಮ ಮುಖ ಬಹಳ ಚೆನ್ನಾಗಿ ಕಾಣ್ತಿದೆ. ಕೈ ಎಲ್ಲಿ?"

ಪರದೆಯನ್ನು ಬಗ್ಗಿಸಿದಳು. ಮೇಜಿನ ಅಂಚು ಕಂಡಿತು. ಇನ್ನೂ ಬಗ್ಗಿಸಿದಳು. ಲ್ಯಾಪ್‌ಟಾಪಿನ ಕೀಬೋರ್ಡೇ ಕಂಡಿತು. ಪುಸ್ತಕ ಪೇರಿಸಿ ಮೇಲಿಟ್ಟಳು. ಕೈ ಕಂಡವು, ಆದರೆ ಎದುರಿನಿಂದ, ತಲೆಕೆಳಗಾಗಿ.

"ಹೀಗೆ ನೋಡಿದ್ರೆ ಹುಡುಗರು ಎಲ್ಲ ಉಲ್ಟಾ ಹೊಲೀತಾರೆ," ಎಂದರು ಮೇಡಂ, ನೋವಾಗದ ಹಾಗೆ. "ಹೊಲಿಯೋರು ನೋಡೋ ಕಡೆಯಿಂದಲೇ ಕಾಣಬೇಕು. ನಾಳೆ ಮಧ್ಯಾಹ್ನದೊಳಗೆ ಸರಿ ಮಾಡ್ಕೊಳ್ಳಿ. ಆಗದಿದ್ರೆ... ಬೇರೆಯವರನ್ನ ನೋಡಬೇಕಾಗತ್ತೆ, ಬೇಜಾರು ಮಾಡ್ಕೋಬೇಡಿ."

ಕರೆ ಮುಗಿಯಿತು. ಅವಳು ಸೂಜಿ ಹಿಡಿದುಕೊಂಡೇ ಕೂತಿದ್ದಳು.

ಬಾಗಿಲಲ್ಲಿ ಅತ್ತಿಗೆ. "ಯಾರೇ ಅದು ಹೆಂಗಸು? ವರನ ಅಮ್ಮನಾ?"

"ಯಾವ ವರ ಅತ್ತಿಗೆ?"

"ಇನ್ಯಾವ ವರ! ಮುಖ ನೋಡಿ ಮಾತಾಡೋಕೆ ಅಂತ ತಾನೇ ಇದನ್ನ ತಂದಿದ್ದು? ಆ ತಂತಿಗೆ ನಾನೇ ಹೇಳಿದ್ದೆ, ಒಂದು ಒಳ್ಳೇದು ಆರಿಸಿಕೊಡಪ್ಪ ಅಂತ."

ಅವಳ ಕೈಯಿಂದ ಸೂಜಿ ಜಾರಿತು.

"ಏನಂತ ಹೇಳಿದ್ರಿ?!"

"ಸಂಬಂಧ ಬಂದಿದೆ ಅಂದೆ. ಸುಳ್ಳೇನಲ್ವಲ್ಲ?"

"ನಾನು ಬೇಡ ಅಂದಿದ್ದು?"

ಅತ್ತಿಗೆ ಸೆರಗು ಸರಿಮಾಡಿಕೊಂಡರು. "ಅದನ್ನ ಹೇಳೋಕೆ ನೆನಪಾಗಲಿಲ್ಲಮ್ಮ."

ಅಂಗಡಿಯ ಮಧ್ಯಾಹ್ನ ಇಡಿಯಾಗಿ ಅವಳ ಕಣ್ಣಮುಂದೆ ಬಂತು. ಬೆಲೆಯ ಚೀಟಿಯ ಮೇಲೆ ನೆಟ್ಟ ಕಣ್ಣು. ಗೊತ್ತಿರೋದೇ. ಒಳ್ಳೇದಾಗಲಿ.

ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡು ಎದ್ದಳು.

"ಚಪ್ಪಲಿನಾದ್ರೂ ಹಾಕ್ಕೊಂಡು ಹೋಗೇ!" ಅತ್ತಿಗೆಯ ಮಾತು ಬೀದಿಯವರೆಗೆ ಅವಳ ಹಿಂದೆಯೇ ಬಂತು.

* * *

ತಂತಿ ಒಬ್ಬನೇ ಇದ್ದ. ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ತಾನೇ ಕುರ್ಚಿ ಎಳೆದು ಕೂತಳು.

"ಇಲ್ಲಿಗೆ ಬರೋರನ್ನೆಲ್ಲ ನೀವು ಮೊದಲು ಏನು ಕೇಳ್ತೀರಿ?"

ಅವನು ತಬ್ಬಿಬ್ಬಾದ. "ಏನಕ್ಕೆ ಅಂತ ಕೇಳ್ತೀನಿ."

"ನನ್ನನ್ನ ಯಾಕೆ ಕೇಳಲಿಲ್ಲ?"

ಅವನು ಕೊರಳಿನ ವೈರು ತೆಗೆದು ಮೇಜಿನ ಮೇಲಿಟ್ಟ.

"ಆ ಪ್ರಶ್ನೆಗೆ ಬೇರೆಯವರು ಏನೇ ಹೇಳಿದ್ರೂ ನಾನು ಕಳಕೊಳ್ಳೋದೇನಿಲ್ಲ," ಎಂದ. "ನಿಮ್ಮ ಬಾಯಿಂದ ಆ ಉತ್ತರ ಕೇಳೋಕೆ ಧೈರ್ಯ ಬರಲಿಲ್ಲ. ನೀವು ಹೋಗೋಕೆ ಬೇಕಾದ ವಸ್ತುನ ನಾನೇ ಆರಿಸಿಕೊಡಬೇಕಿತ್ತಲ್ಲ... ಚೆನ್ನಾಗಿರೋದೇ ಆರಿಸೋಣ ಅಂತ ಆರಿಸಿದೆ."

ಅವಳ ಕೋಪ ಎಲ್ಲಿಗೋ ಹೋಯಿತು. ಹುಡುಕಿದರೂ ಸಿಗಲಿಲ್ಲ.

"ಈಗ ಕೇಳಿ."

"ಈಗಲಾ?"

"ಕೇಳ್ರೀ!"

"...ಏನಕ್ಕೆ?"

"ಕೈ ತೋರಿಸೋಕೆ. ಮುಖ ಅಲ್ಲ. ನಾಳೆ ನಾನು ಪಾಠ ಮಾಡಬೇಕು, ಬೈಂಡಿಂಗ್ ಪಾಠ. ಇದಾದ್ರೆ ಅಪ್ಪನ ಕೋಣೆ ಉಳಿಯತ್ತೆ. ಆಗದಿದ್ರೆ ಅಲ್ಲಿ ಔಷಧಿ ಅಂಗಡಿ ಬರತ್ತೆ. ಆ ವರನನ್ನ ನಾನು ಅವತ್ತೇ ಬೇಡ ಅಂದಿದ್ದೀನಿ. ಇದನ್ನೆಲ್ಲ ನಿಮಗೊಬ್ಬರಿಗೇ ಹೇಳೋಣ ಅಂತ ಬಂದಿದ್ದೆ. ನೀವು ವೈರ್ ಸುತ್ತಾ ನಿಂತಿದ್ರಿ!"

ತಂತಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಕ್ಯಾಮೆರಾ ಕೆಳಗೆ ನೋಡತ್ತಾ ಅಂತ ಕೇಳಿದ್ರಿ... ಬಿಡಿಸಿ ಹೇಳಿದ ಹಾಗೇ ಕೇಳಿದ್ರಿ! ಎಂಥ ಕತ್ತೆ ನಾನು!"

"ಅದನ್ನ ಆಮೇಲೆ ನೋಡೋಣ. ಅಂಗಡಿಯವನು ಬದಲಾಯಿಸಿ ಕೊಡ್ತಾನಾ?"

"ಡಬ್ಬ ಒಡೆದಮೇಲೆ ಕೊಡಲ್ಲ. ಆದ್ರೆ ಬೇಕಿಲ್ಲ. ಕಣ್ಣು ಲ್ಯಾಪ್‌ಟಾಪಿನಲ್ಲೇ ಇರಬೇಕು ಅಂತ ಏನಿಲ್ಲ. ನಿಮ್ಮ ಕೋಣೇಲಿ ಕತ್ತು ಬಗ್ಗಿಸೋ ಟೇಬಲ್ ಲ್ಯಾಂಪ್ ಇದೆಯಾ?"

"ಅಪ್ಪಂದು ಇದೆ."

ತನ್ನದೇ ಬೀರುವಿನಿಂದ ವೈರಿನ ತುದಿಯಲ್ಲಿದ್ದ ಪುಟ್ಟ ಕ್ಯಾಮೆರಾ ತೆಗೆದ. ಆಮೇಲೆ ಡ್ರಾಯರಿಗೆ ಕೈ ಹಾಕಿ, ಇನ್ನೂ ಏನನ್ನೋ ತೆಗೆದು ಜೇಬಿಗಿಟ್ಟುಕೊಂಡ.

* * *

ಮರುದಿನ ಬೆಳಿಗ್ಗೆ ಅಪ್ಪನ ಲ್ಯಾಂಪಿನ ಕತ್ತು ಅವಳ ಹೆಗಲ ಮೇಲಿಂದ ಬಂದು ಮೇಜಿನತ್ತ ಬಾಗಿತ್ತು. ಕ್ಯಾಮೆರಾ ಅದರ ತುದಿಯಲ್ಲಿ ನಿಲ್ಲಬೇಕು. ತಂತಿ ಜೇಬಿನಿಂದ ಒಂದು ಪಟ್ಟಿ ತೆಗೆದು ಸುತ್ತತೊಡಗಿದ.

ಕೆಂಪು ಪಟ್ಟಿ. ಒಂದು ಕಡೆ ಒಣಗಿದ ಅಂಟು.

"ಇದು... ನಾನು ಬಿಸಾಕಿ ಅಂದಿದ್ದಲ್ವಾ?"

"ನೀವು ಅಂದ್ರಿ," ಎಂದ ಅವನು ಗಂಟಿನ ಮೇಲೆ ಕಣ್ಣಿಟ್ಟು. "ನಾನು ಬಿಸಾಕ್ತೀನಿ ಅನ್ನಲಿಲ್ಲ."

ಅವನ ಗಂಟು ನಿಲ್ಲಲಿಲ್ಲ. ಅವಳೇ ಎದ್ದು, ಪುಸ್ತಕ ಹೊಲಿದು ಮುಗಿಸುವಾಗ ಹಾಕುವ ಗಂಟು ಹಾಕಿದಳು. ನಿಂತಿತು.

ಮಧ್ಯಾಹ್ನ ಪಾಠ ಶುರುವಾಯಿತು. ಪರದೆಯಲ್ಲಿ ಅವಳ ಎರಡು ಕೈ, ಅವಳಿಗೆ ಹೇಗೆ ಕಾಣುತ್ತವೋ ಹಾಗೇ. ಮಡಿಕೆ ಒತ್ತಿದಳು. ರಂಧ್ರ ಮಾಡಿದಳು. ದಾರ ಒಳಗೆ ಹೋಗಿ ಹೊರಗೆ ಬಂತು. ಮೇಡಂ ಒಂದೇ ಒಂದು ಸಲವೂ ತಡೆಯಲಿಲ್ಲ.

ನಡುವೆ ಲ್ಯಾಂಪಿನ ಕತ್ತು ಮೆಲ್ಲಗೆ ಜಗ್ಗತೊಡಗಿತು. ಹಳೆಯ ಸ್ಕ್ರೂ. ತಂತಿ ಪಕ್ಕದಿಂದ ಎದ್ದು, ಉಸಿರು ಬಿಗಿಹಿಡಿದು ಒಂದು ಕೈಯಲ್ಲಿ ಲ್ಯಾಂಪ್ ಹಿಡಿದ. ಹಾಳೆ ಸರಿಯುವುದನ್ನು ಕಂಡು ಇನ್ನೊಂದು ಕೈಯಿಂದ ಒತ್ತಿಹಿಡಿದ.

ಆ ಕಡೆಯಿಂದ ಒಂದು ಹುಡುಗಿಯ ದನಿ. "ಟೀಚರ್, ಆ ಮೂರನೇ ಕೈ ಯಾರದು?"

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕತ್ತು ಉದ್ದ ಮಾಡಿದರು.

ಅವಳು ಸೂಜಿ ಎಳೆದು ನಿಲ್ಲಿಸಿದಳು. "ಅದಾ? ಮೊದಲು ಎಲ್ಲರೂ ಗಂಟು ಹಾಕಿ. ಮುಂದಿನ ಪಾಠದಲ್ಲಿ ಹೇಳ್ತೀನಿ."

"ಮುಂದಿನ ಪಾಠ ಮುಂದಿನ ವಾರ," ಎಂದರು ಮೇಡಂ. "ಇನ್ನು ವರ್ಷವಿಡೀ ನಿಮ್ಮದೇ."

ಪರದೆ ಆರಿತು.

ಅತ್ತಿಗೆ ಒಂದು ಕ್ಷಣ ಇಬ್ಬರನ್ನೂ ನೋಡಿದರು. "ಔಷಧಿ ಅಂಗಡಿಯವರಿಗೆ ಆಗಲ್ಲ ಅಂತ ಹೇಳೋಕೆ ನಿಮ್ಮಣ್ಣಂಗೆ ಹೇಳ್ತೀನಿ," ಎಂದು ಮೆಟ್ಟಿಲು ಹತ್ತಿದರು. ಅರ್ಧದಲ್ಲಿ ನಿಂತು, "ಈ ಸಲ ಬೀದಿಗೆ ಹೇಳಬಹುದಾ?" ಎಂದರು.

"ಹೇಳಿ ಅತ್ತಿಗೆ. ಪೂರ್ತಿ ಹೇಳಿ."

ಕೋಣೆಯಲ್ಲಿ ಇಬ್ಬರೇ ಉಳಿದರು. ಅವನ ಕೈ ಇನ್ನೂ ಹಾಳೆಯ ಮೇಲೆಯೇ ಇತ್ತು. ಅವಳದೂ ಅಲ್ಲೇ, ಪಕ್ಕದಲ್ಲಿ.

"ಮುಂದಿನ ವಾರನೂ ನಾನು ಬರ್ತೀನಿ," ಎಂದ ತಂತಿ. "ಅದರ ಮುಂದಿನ ವಾರನೂ."

ಅವಳು ಪಕ್ಕದ ಕುರ್ಚಿಯನ್ನು ಅವನತ್ತ ಎಳೆದಳು.

"ಏನಕ್ಕೆ?"

"...ಲ್ಯಾಂಪ್ ಹಿಡಿಯೋಕೆ."

"ಅದಕ್ಕೆ ಒಂದು ಸ್ಕ್ರೂ ಬಿಗಿ ಮಾಡಿದ್ರೆ ಸಾಕಲ್ಲ?"

ಅವನು ಕೂತ. ಕೆಂಪು ಪಟ್ಟಿಯನ್ನು ನೋಡಿದ, ಆಮೇಲೆ ಅವಳನ್ನು.

"ಬಿಗಿ ಮಾಡಬೇಡಿ."

"ಮಾಡಲ್ಲ," ಎಂದಳು ಅವಳು.